ನಾಲ್ಕು ಚಿತ್ರಮಂದಿರಗಳಿಂದ ಆಸ್ಕರ್‌ವರೆಗೆ

ಪ್ರಿಯ ಗೆಳೆಯ,

ಚಿತ್ರಕಥೆ ಮುಗಿದು ವರ್ಷವಾದರೂ ನಿರ್ಮಾಪಕರು ಸಿಕ್ಕಿಲ್ಲವೆಂದು ನೀನು ಬರೆದದ್ದನ್ನು ಓದಿದಾಗಿನಿಂದ ನನಗೆ ಅಮೆರಿಕದ ಎ24 ಚಲನಚಿತ್ರ ಸಂಸ್ಥೆಯ ನೆನಪು ಬರುತ್ತಿದೆ. ಅದರ ಚಿತ್ರಗಳ ಬಗ್ಗೆ ನಾವು ಎಷ್ಟೋ ಹೊತ್ತು ಮಾತನಾಡಿದ್ದೇವೆ. ಅದು ಬೆಳೆದ ಬಗೆಯನ್ನು ಮಾತ್ರ ಎಂದೂ ಚರ್ಚಿಸಿಲ್ಲ.

ಡೇನಿಯಲ್ ಕಾಟ್ಜ್, ಡೇವಿಡ್ ಫೆಂಕೆಲ್ ಮತ್ತು ಜಾನ್ ಹಾಡ್ಜಸ್ 2012ರಲ್ಲಿ ಈ ಸಂಸ್ಥೆಯನ್ನು ಆರಂಭಿಸಿದ್ದು ಹಾಲಿವುಡ್‌ನಿಂದ ದೂರದ ನ್ಯೂಯಾರ್ಕಿನಲ್ಲಿ. ಇಟಲಿಯ ಎ24 ಹೆದ್ದಾರಿಯಲ್ಲಿ ಕಾರು ಓಡಿಸುತ್ತಿದ್ದಾಗ ಕಾಟ್ಜ್ ಅವರ ನಿರ್ಧಾರ ಗಟ್ಟಿಯಾಯಿತಂತೆ. ಹೆಸರು ಬಂದದ್ದೂ ಅಲ್ಲಿಂದಲೇ. ಮೊದಲ ಕೆಲವು ವರ್ಷ ಅವರು ಸ್ವಂತ ನಿರ್ಮಾಣಕ್ಕೆ ಕೈಹಾಕದೆ, ಬೇರೆಯವರ ಚಿತ್ರಗಳ ಹಕ್ಕು ಪಡೆದು ಹಂಚಿಕೆ ಮಾಡಿದರು. ಅವರ ಗೆಲುವಿನ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ.

ದೊಡ್ಡ ಸ್ಟುಡಿಯೋಗಳಂತೆ ಟಿವಿ ಜಾಹೀರಾತಿಗೆ ಹಣ ಸುರಿಯುವ ಶಕ್ತಿ ಅವರಿಗಿರಲಿಲ್ಲವಾದ್ದರಿಂದ, ಪ್ರತಿ ಚಿತ್ರದ ಪ್ರೇಕ್ಷಕ ಎಲ್ಲಿ ಸಿಗುತ್ತಾನೆಂದು ಹುಡುಕಿಕೊಂಡು ಹೋದರು. 2015ರಲ್ಲಿ ‘ಎಕ್ಸ್ ಮಷಿನಾ’ ಟೆಕ್ಸಾಸ್‌ನ ಆಸ್ಟಿನ್ ಉತ್ಸವದಲ್ಲಿ ಪ್ರದರ್ಶನಗೊಂಡಾಗ, ಸಂಗಾತಿ ಹುಡುಕುವ ಟಿಂಡರ್ ಆ್ಯಪ್‌ನಲ್ಲಿ ಏವಾ ಎಂಬ ಯುವತಿ ಅಲ್ಲಿದ್ದವರೊಡನೆ ಮಾತಿಗಿಳಿದು, ಮನುಷ್ಯರಾಗಿರುವುದೆಂದರೆ ಏನೆಂದು ಕೇಳುತ್ತಿದ್ದಳು. ಅವಳ ಇನ್‌ಸ್ಟಾಗ್ರಾಂ ಪುಟಕ್ಕೆ ಹೋದವರಿಗೆ ಅವಳು ಚಿತ್ರದೊಳಗಿನ ಯಂತ್ರಮಾನವಿ ಎಂಬುದು ತಿಳಿಯುತ್ತಿತ್ತು. ಚಿತ್ರ ಎತ್ತುವ ಪ್ರಶ್ನೆಯೇ ಅದರ ಪ್ರಚಾರವಾಗಿತ್ತು, ನೋಡು! ಮರುವರ್ಷ ಅದೇ ಚಿತ್ರ ‘ಸ್ಟಾರ್ ವಾರ್ಸ್’ನಂಥ ಭಾರಿ ಬಜೆಟ್ಟಿನ ಚಿತ್ರವನ್ನು ಹಿಂದಿಕ್ಕಿ ವಿಷುವಲ್ ಎಫೆಕ್ಟ್ಸ್‌ಗಾಗಿ ಆಸ್ಕರ್ ಪಡೆಯಿತು.

ಸ್ವಂತ ನಿರ್ಮಾಣಕ್ಕಿಳಿದಾಗ ಅವರು ಮೊದಲು ಆರಿಸಿಕೊಂಡದ್ದು ‘ಮೂನ್‌ಲೈಟ್’. ಅದರ ನಿರ್ದೇಶಕ ಬ್ಯಾರಿ ಜೆಂಕಿನ್ಸ್ ತಮ್ಮ ಮೊದಲ ಚಿತ್ರದ ನಂತರ ಎಂಟು ವರ್ಷ ಕಾದಿದ್ದರು ಎಂಬುದನ್ನು ನೀನು ಗಮನಿಸಬೇಕು. ತಾವು ಬೆಳೆದ ಮಯಾಮಿಯ ಲಿಬರ್ಟಿ ಸಿಟಿಯ ಕಥೆಯನ್ನು, ಹೆಸರಾಂತ ತಾರೆಯರನ್ನು ನೆಚ್ಚಿಕೊಳ್ಳದೆ, ಅವರು 25 ದಿನಗಳಲ್ಲಿ ಚಿತ್ರೀಕರಿಸಿದರು. 2016ರ ಅಕ್ಟೋಬರಿನಲ್ಲಿ ಕೇವಲ ನಾಲ್ಕು ಚಿತ್ರಮಂದಿರಗಳಲ್ಲಿ ತೆರೆಕಂಡ ಅದು, ನೋಡಿದವರ ಮಾತಿನಿಂದ ಊರೂರಿಗೆ ಹಬ್ಬಿ, 2017ರಲ್ಲಿ ಅತ್ಯುತ್ತಮ ಚಿತ್ರವೆಂಬ ಆಸ್ಕರ್ ಗೆದ್ದಿತು. 2023ರಲ್ಲಿ ಈ ಸಂಸ್ಥೆಯ ಇನ್ನೊಂದು ಚಿತ್ರ ಏಳು ಆಸ್ಕರ್‌ಗಳನ್ನು ಗಳಿಸಿತು.

ನಿನ್ನ ಚಿತ್ರಕ್ಕೂ ಮೊದಲ ನಾಲ್ಕು ಚಿತ್ರಮಂದಿರಗಳು ಯಾವುವು, ಅಲ್ಲಿಗೆ ಯಾರು ಬರುತ್ತಾರೆ ಎಂಬುದನ್ನು ಬರೆದು ಕಳುಹಿಸು. ಮುಂದಿನ ಭಾನುವಾರ ಕೂತು ಮಾತನಾಡೋಣ.

ನಿನ್ನ ಪ್ರೀತಿಯ ಗೆಳೆಯ