ಡ್ರೋನ್‌ ಹಾರಾಟ: ಬ್ಯಾಟರಿಯೊಂದೇ ಉತ್ತರವಲ್ಲ

ಮಾನ್ಯ ಸಂಪಾದಕರೇ,

ಡ್ರೋನ್‌ಗಳ ಕುರಿತು ಬರುವ ಬರಹಗಳಲ್ಲಿ, ದೊಡ್ಡ ಬ್ಯಾಟರಿ ಅಳವಡಿಸಿದಷ್ಟೂ ಅವು ದೂರ ಹಾರುತ್ತವೆ ಎಂಬ ಎಣಿಕೆ ಪದೇ ಪದೇ ಕಾಣುತ್ತದೆ. ಇದು ಒಂದು ಮಿತಿಯವರೆಗೆ ಮಾತ್ರ ನಿಜ.

ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಮಲ್ಟಿರೋಟರ್‌ನ (ಹಲವು ಪ್ರೊಪೆಲ್ಲರ್‌ಗಳಿಂದ, ಅಂದರೆ ತಿರುಗುವ ರೆಕ್ಕೆಗಳಿಂದ, ಹಾರುವ ಡ್ರೋನ್‌ನ) ತೂಕ ಶೇ 10ರಷ್ಟು ಹೆಚ್ಚಿದರೆ ಅದಕ್ಕೆ ಬೇಕಾಗುವ ವಿದ್ಯುತ್‌ ಸುಮಾರು ಶೇ 15ರಷ್ಟು ಹೆಚ್ಚುತ್ತದೆ. ಆದ್ದರಿಂದ ಬ್ಯಾಟರಿ ಬಿಟ್ಟು 1 ಕೆ.ಜಿ. ತೂಗುವ ಡ್ರೋನ್‌ಗೆ ಅರ್ಧ ಕೆ.ಜಿ. ಬ್ಯಾಟರಿಯ ಬದಲು 1 ಕೆ.ಜಿ.ಯದನ್ನು ಹಾಕಿದರೆ ಹಾರಾಟದ ಸಮಯ ಇಮ್ಮಡಿಯಾಗುವುದಿಲ್ಲ, ಶೇ 30ರಷ್ಟು ಏರುತ್ತದೆ. ಅದನ್ನು 2 ಕೆ.ಜಿ.ಗೆ ಏರಿಸಿದರೆ ಸಿಗುವುದು ಮತ್ತೆ ಶೇ 9 ಮಾತ್ರ. ಅಲ್ಲಿಂದಾಚೆ ಸೇರಿಸಿದ ಬ್ಯಾಟರಿ ಸಮಯವನ್ನು ಕಡಿಮೆಯೇ ಮಾಡುತ್ತದೆ. ಇದು ಕಾಗದದ ಮೇಲಿನ ಲೆಕ್ಕ; ಭಾರ ಹೊರಲು ಬೇಕಾದ ಮೋಟಾರು, ಚೌಕಟ್ಟುಗಳ ತೂಕವೂ ಸೇರಿದರೆ ಆ ಮಿತಿ ಇನ್ನೂ ಬೇಗ ಎದುರಾಗುತ್ತದೆ.

ಪ್ರೊಪೆಲ್ಲರ್‌ ಕಡೆ ಗಮನ ಹರಿಸಿದರೆ ಹೆಚ್ಚಿನ ಫಲವಿದೆ ಎಂಬುದು ನನ್ನ ಅಭಿಪ್ರಾಯ. ಸ್ವಲ್ಪ ಗಾಳಿಯನ್ನು ರಭಸದಿಂದ ಕೆಳಕ್ಕೆ ತಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳಲು ಕಡಿಮೆ ಶಕ್ತಿ ಸಾಕಾಗುವುದರಿಂದ, 10 ಇಂಚಿನ ಪ್ರೊಪೆಲ್ಲರ್‌ಗಳ ಜಾಗದಲ್ಲಿ 12 ಇಂಚಿನವನ್ನು ಜೋಡಿಸಿ, ನಿಧಾನವಾಗಿ ತಿರುಗುವ ಮೋಟಾರುಗಳನ್ನು ಬಳಸಿದರೆ, ತೂಕ ಅಷ್ಟೇ ಇದ್ದಲ್ಲಿ ಶೇ 17ರವರೆಗೆ ಉಳಿತಾಯ ಸಾಧ್ಯ. ಒಂದರ ಕೆಳಗೊಂದು ಪ್ರೊಪೆಲ್ಲರ್‌ ಜೋಡಿಸುವ ವಿನ್ಯಾಸದಲ್ಲಿ ಕೆಳಗಿನದು ಮೇಲಿನದು ತಳ್ಳಿದ ಗಾಳಿಯಲ್ಲೇ ತಿರುಗಬೇಕಾಗುತ್ತದೆ. ಜಾಗ ಉಳಿಸಲು ಅದು ಸರಿ, ದೂರ ಹಾರಲು ಅಲ್ಲ.

ಹಾರಿಸುವವರಲ್ಲೂ ಒಂದು ತಪ್ಪು ತಿಳಿವಳಿಕೆಯಿದೆ. ಚಾರ್ಜ್‌ ಉಳಿಸಲೆಂದು ಹಲವರು ಡ್ರೋನನ್ನು ತೆವಳಿಸಿದಂತೆ ಹಾರಿಸುತ್ತಾರೆ. ಆದರೆ ಮಧ್ಯಮ ವೇಗದಲ್ಲಿ ಮುಂದೆ ಸಾಗುವಾಗ ನಿಂತಲ್ಲೇ ಹಾರುವುದಕ್ಕಿಂತ ಕಡಿಮೆ ವಿದ್ಯುತ್‌ ಸಾಕು. ಅತಿ ಹೆಚ್ಚು ಸಮಯ ಹಾರುವ ವೇಗಕ್ಕಿಂತ ಅತಿ ಹೆಚ್ಚು ದೂರ ಸಾಗುವ ವೇಗ ಹೆಚ್ಚಿನದು. ಎದುರುಗಾಳಿಯಿದ್ದರೆ ಅದನ್ನು ಇನ್ನಷ್ಟು ಏರಿಸಬೇಕಾಗುತ್ತದೆ.

ತಯಾರಕರು ಪ್ರಕಟಿಸುವ ನಿಮಿಷಗಳ ಲೆಕ್ಕ ಸಾಮಾನ್ಯವಾಗಿ ಗಾಳಿಯಿಲ್ಲದೆಡೆ, ಹೊರೆಯಿಲ್ಲದೆ ಹಾರಿಸಿದಾಗಿನದು. ಅದರ ಬದಲು ಇಂತಿಷ್ಟು ಹೊರೆ, ಇಂತಿಷ್ಟು ಗಾಳಿಯಲ್ಲಿ ಒಂದು ಕಿಲೋಮೀಟರಿಗೆ ಎಷ್ಟು ವಾಟ್‌-ಗಂಟೆ ಖರ್ಚಾಗುತ್ತದೆ ಎಂಬುದನ್ನು ಅವರು ಮುದ್ರಿಸಬೇಕು. ಹೊಸ ಡ್ರೋನ್‌ಗಳನ್ನು ಪರಿಚಯಿಸುವಾಗ ತಮ್ಮ ಪತ್ರಿಕೆಯೂ ಇದೇ ಪ್ರಶ್ನೆಯನ್ನು ಕೇಳಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ