ಅಜ್ಜಿಯ ರೂಪಾಯಿ ತಿಕ್ಕಬೇಡ

ಪುಟ್ಟಿ,

ಪುಣೆಯ ಕೋಥ್ರೂಡ್‌ನಿಂದ ನೀನು ಕಳಿಸಿದ ಫೋಟೋಗಳನ್ನು ನೋಡಿದೆ. ಅಜ್ಜಿಯ ಹಳೇ ಬೆಳ್ಳಿ ರೂಪಾಯಿಗಳು ಕಪ್ಪಾಗಿವೆ, ಲಕ್ಷ್ಮೀಪೂಜೆಗೆ ಮುಂಚೆ ಹುಣಸೆಹಣ್ಣು ಹಾಕಿ ತಿಕ್ಕಲಾ ದೊಡ್ಡಪ್ಪ ಅಂತ ಕೇಳಿದ್ದೀಯ. ಬೇಡ. ಪೂಜೆಗೆ ಹೊಳೆಯುವ ನಾಣ್ಯವೇ ಆಗಬೇಕು ಅಂದರೆ ಲಕ್ಷ್ಮೀ ರೋಡಿನ ಸರಾಫರ ಹತ್ತಿರ ಹೊಸದೊಂದು ತಾ, ಅದನ್ನು ಎಷ್ಟಾದರೂ ತಿಕ್ಕು.

ಆ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್‌ನ ತೆಳು ಪದರ ಕಟ್ಟುತ್ತದೆ, ಅಂದರೆ ನಾಣ್ಯದ ಬೆಳ್ಳಿಯೇ ಹಾಗೆ ಬದಲಾಗಿದೆ. ಅದನ್ನು ಕಿತ್ತರೆ ಬೆಳ್ಳಿಯೂ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ, ಹಾಗೆ ಹರಿದ ಗುರುತು ತೀರಾ ಸಣ್ಣ ಗೆರೆಗಳಾಗಿ ಉಳಿಯುತ್ತದೆ. ನಾಣ್ಯವನ್ನು ಒಂದೇ ಬಲ್ಬಿನ ಕೆಳಗೆ ಹಿಡಿದು ನಿಧಾನಕ್ಕೆ ಓರೆ ಮಾಡಿದರೆ ಬೆಳಕಿನ ಪಟ್ಟಿಯೊಂದು ಚಕ್ರದ ಕಡ್ಡಿಯ ಹಾಗೆ ಸುತ್ತುತ್ತದಲ್ಲ, ಅದು ಈ ಗೆರೆಗಳ ಕೆಲಸ. ಲಸ್ಟರ್ ಅನ್ನುವುದು ಇದಕ್ಕೇ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್, ಯಾವುದರಲ್ಲಿ ತಿಕ್ಕಿದರೂ ಆ ಗೆರೆಗಳು ಸವೆಯುತ್ತವೆ. ಆಮೇಲೂ ನಾಣ್ಯ ಹೊಳೆಯುತ್ತದೆ, ಇಲ್ಲ ಅಂತಲ್ಲ, ಆದರೆ ಆ ಪಟ್ಟಿ ಸುತ್ತುವುದಿಲ್ಲ. ಭೂತಗನ್ನಡಿ ಹಿಡಿದರೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೀರುಗಳು ಕಾಣುತ್ತವೆ. ಒಮ್ಮೆ ಹೋದ ಲಸ್ಟರ್ ತಿರುಗಿ ಬರುವುದಿಲ್ಲ.

ಹೆಚ್ಚಿನವರು ಬಣ್ಣ ಮೊದಲು ನೋಡುತ್ತಾರೆ. ನೀನು ಅದನ್ನು ಕೊನೆಗಿಡು. ಮೊದಲು ಸವೆತ. ರಾಣಿ ವಿಕ್ಟೋರಿಯಾಳ ಮುಖವಿರುವ ರೂಪಾಯಿಯಲ್ಲಿ ಕೆನ್ನೆ, ಕಿವಿಯ ಮೇಲಿನ ಕೂದಲು, ಕಿರೀಟ, ಎದೆಯ ಮೇಲಿನ ಉಡುಪಿನ ಕುಸುರಿ ಇವು ಎತ್ತರದ ಜಾಗಗಳು, ಕೈಯಿಂದ ಕೈಗೆ ಓಡಾಡಿದ ನಾಣ್ಯ ಮೊದಲು ಸವೆಯುವುದು ಅಲ್ಲೇ. ಕೂದಲು ಚಪ್ಪಟೆಯಾಗಿ ಕಂಡ ತಕ್ಷಣ ಸವೆದಿದೆ ಅಂತ ತೀರ್ಮಾನ ಮಾಡಬೇಡ. ಅಚ್ಚು ಸರಿಯಾಗಿ ಬೀಳದಿದ್ದರೂ ಹಾಗೇ ಇರುತ್ತದೆ. ಚಪ್ಪಟೆ ಜಾಗದಲ್ಲೂ ಲಸ್ಟರ್ ಓಡುತ್ತಿದ್ದರೆ ಅದು ಅಚ್ಚಿನ ದೋಷ, ಅಲ್ಲಿ ಮಾತ್ರ ಮಂಕಾಗಿದ್ದರೆ ಸವೆತ. ಮಾರುವವನು ಇದನ್ನು ತನಗೆ ಬೇಕಾದ ಹಾಗೆ ತಿರುಗಿಸಿ ಹೇಳುತ್ತಾನೆ, ಅದಕ್ಕೇ ಬಲ್ಬು ನಿನ್ನ ಕೈಯಲ್ಲಿರಲಿ.

ನಿನ್ನ ಹತ್ತಿರ 1862 ಅಂತ ಬರೆದ ರೂಪಾಯಿ ಇದೆ ಅಂತ ಕುಣಿಯುತ್ತಿದ್ದೀಯ, ಅಲ್ವಾ? ಆ ಇಸವಿಯನ್ನು ಬದಲಿಸದೆ 1874ರವರೆಗೂ ಅಚ್ಚು ಹಾಕಿದರು, ಅದಕ್ಕೇ ಅವು ರಾಶಿರಾಶಿ ಸಿಗುತ್ತವೆ. ಬೆಲೆ ಬರುವುದು ಹೇಗಿದೆ ಅನ್ನುವುದರಿಂದ. ಅದರ ಅಂಚನ್ನೂ ತಿರುಗಿಸಿ ನೋಡು. ಆಗ ಎಷ್ಟೋ ರೂಪಾಯಿಗಳಿಗೆ ಕೊಂಡಿ ಬೆಸೆದು ಸರ ಮಾಡಿಸುತ್ತಿದ್ದರು, ಕೊಂಡಿ ತೆಗೆದು ಅರ ಹಾಕಿ ಉಜ್ಜಿದ ಜಾಗ ಎಷ್ಟು ಕಪ್ಪಾದರೂ ಮುಚ್ಚಿಕೊಳ್ಳುವುದಿಲ್ಲ. ತೂಕ 11.66 ಗ್ರಾಂ ಆಸುಪಾಸು ಬರಬೇಕು, ಸವೆದಿದ್ದರೆ ಸ್ವಲ್ಪ ಕಡಿಮೆ. ಅಜ್ಜಿ ತೊಲ ತೊಲ ಅನ್ನುತ್ತಿದ್ದರಲ್ಲ, ಅದು ಈ ರೂಪಾಯಿಯದೇ ತೂಕ.

ಈಗ ಬಣ್ಣಕ್ಕೆ ಬರೋಣ. ಜುನಾ ಬಜಾರಿನಲ್ಲಿ ನೋಡಿದ ಆ ನೀಲಿ-ಗುಲಾಬಿ ರೂಪಾಯಿಗೆ ನೀನು ಮನಸ್ಸು ಕೊಟ್ಟ ಹಾಗಿದೆ. ಕೊಳ್ಳುವ ಮುಂಚೆ ಇಷ್ಟು ತಿಳಿದುಕೋ. ಸಲ್ಫೈಡ್ ಪದರ ದಪ್ಪವಾಗುತ್ತಾ ಹೋದ ಹಾಗೆ ಬೆಳಕು ಅದರಲ್ಲಿ ಬೇರೆಬೇರೆ ಬಣ್ಣ ತೋರಿಸುತ್ತದೆ: ಮೊದಲು ತಿಳಿ ಹಳದಿ, ಆಮೇಲೆ ಕೆಂಪು ಬೆರೆತ ಕಂದು, ನೇರಳೆ, ನೀಲಿ, ಇನ್ನೂ ದಪ್ಪವಾದರೆ ಕೊನೆಗೆ ಬೂದು ಕಪ್ಪು. ತಾನಾಗಿ ಆದದ್ದರಲ್ಲಿ ಈ ಮೆಟ್ಟಿಲು ತಪ್ಪುವುದಿಲ್ಲ. ಹಳೇ ಕಾಗದದ ಆಲ್ಬಮ್ಮಿನಲ್ಲಿ ಇದ್ದ ನಾಣ್ಯಕ್ಕೆ ಅಂಚಿನಿಂದ ಬಣ್ಣ ಶುರುವಾಗಿ ಒಳಕ್ಕೆ ತಿಳಿಯಾಗುತ್ತಾ ಬರುತ್ತದೆ, ಅಕ್ಷರಗಳ ಬುಡದಲ್ಲಿ ಬೇರೆ ಛಾಯೆ ಇರುತ್ತದೆ, ಓರೆ ಮಾಡಿದರೆ ಬಣ್ಣದ ಕೆಳಗಿನಿಂದ ಲಸ್ಟರ್ ಎದ್ದು ಬರುತ್ತದೆ. ಗ್ಯಾಸಿನ ಮೇಲೆ ಕಾಯಿಸಿ ಅಥವಾ ಗಂಧಕದ ದ್ರಾವಣದಲ್ಲಿ ಅದ್ದಿ ಮಾಡಿದ್ದರಲ್ಲಿ ಹಳದಿಯ ಪಕ್ಕದಲ್ಲೇ ಗಾಢ ನೀಲಿ, ನಡುವೆ ಏನೂ ಇರುವುದಿಲ್ಲ. ಅದಕ್ಕಿಂತ ಗಟ್ಟಿ ಸಾಕ್ಷಿ ಗೀರುಗಳು. ತಿಕ್ಕಿದ ಗೀರಿನ ಒಳಗೂ ಅದೇ ಬಣ್ಣ ಕೂತಿದ್ದರೆ ತಿಕ್ಕಿದ್ದು ಮೊದಲು, ಬಣ್ಣ ಬಂದದ್ದು ಆಮೇಲೆ. ತೀರಾ ಸವೆದ ಮುಖದ ಮೇಲೆ ಮಿಂಚುವ ಕಾಮನಬಿಲ್ಲು ಕಂಡರೆ ನಾನಂತೂ ಕೆಳಗಿಟ್ಟು ಮುಂದೆ ಹೋಗುತ್ತೇನೆ, ಎಷ್ಟು ಕಡಿಮೆಗೆ ಕೊಟ್ಟರೂ.

ನಿನ್ನ ಫೋಟೋದಲ್ಲಿರುವ ಆರನೇ ಜಾರ್ಜ್‌ನ ನಾಣ್ಯಗಳನ್ನು ಇವುಗಳ ಜೊತೆ ಹೋಲಿಸಬೇಡ. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, ಉಳಿದದ್ದು ಮುಖ್ಯವಾಗಿ ತಾಮ್ರ, ಸ್ವಲ್ಪ ನಿಕ್ಕಲ್ ಮತ್ತು ಸತು. ಅವು ಕಪ್ಪಾಗುವ ರೀತಿಯೇ ಬೇರೆ.

ನಾಣ್ಯಗಳನ್ನು ರಬ್ಬರ್ ಬ್ಯಾಂಡ್, ರಟ್ಟು, ಉಣ್ಣೆ ಬಟ್ಟೆಯಿಂದ ದೂರ ಇಡು. ವಾಸನೆ ಬರುವ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ನಮ್ಮ ಮಳೆಗಾಲದಲ್ಲಿ ಅದು ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ಅಂಥದ್ದು ಈಗಾಗಲೇ ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ನೆನೆಸಿ ತೆಗೆಯಬಹುದು, ಬೆಳ್ಳಿಗೆ ಅದು ಏನೂ ಮಾಡುವುದಿಲ್ಲ. ಉಗುರುಬಣ್ಣ ತೆಗೆಯುವ ದ್ರವ ಅಲ್ಲ ಮತ್ತೆ, ಅದರಲ್ಲಿ ಎಣ್ಣೆ, ಸುಗಂಧ ಎಲ್ಲ ಇರುತ್ತದೆ. ಕಿಟಕಿ ತೆಗೆದು, ಗ್ಯಾಸಿನಿಂದ ದೂರ ಕೂತು ಮಾಡು.

ಕೊನೆಯ ಫೋಟೋದಲ್ಲಿರುವ ಐದನೇ ಜಾರ್ಜ್‌ನ ರೂಪಾಯಿಯ ಇಸವಿ ಸರಿಯಾಗಿ ಕಾಣಲಿಲ್ಲ, 1911 ಇದ್ದ ಹಾಗಿದೆ. ಹೌದಾದರೆ ರಾಜನ ನಿಲುವಂಗಿಯ ಮೇಲಿನ ಆನೆಯನ್ನು ಭೂತಗನ್ನಡಿಯಲ್ಲಿ ನೋಡು. ಅದು ಹಂದಿಯ ಹಾಗಿದೆ ಅಂತ ಜನ ಸಿಟ್ಟಾಗಿ, ಸರ್ಕಾರ ಆ ನಾಣ್ಯಗಳನ್ನು ವಾಪಸ್ ಪಡೆದು 1912ರಿಂದ ಸೊಂಡಿಲು ಸ್ಪಷ್ಟವಾಗಿ ಕಾಣುವ ಹಾಗೆ ಅಚ್ಚು ತಿದ್ದಿತು. ಅದೊಂದನ್ನು ಬೇರೆ ಕವರಿನಲ್ಲಿ ಹಾಕಿ, ಅಂಚು ಮಾತ್ರ ಮುಟ್ಟಿ, ಡೊಂಬಿವಲಿಗೆ ಬರುವಾಗ ತಾ. ತೂಕದ ಯಂತ್ರ ನನ್ನ ಹತ್ತಿರ ಇದೆ. ಬಂದವಳು ಒಂದು ದಿನ ಜಾಸ್ತಿ ಉಳಿದುಕೋ, ಮುಂಬೈಯ ಫೋರ್ಟ್‌ನಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಮ್ಯೂಸಿಯಂ ಇದೆ, ತೋರಿಸುತ್ತೇನೆ.

ನಿನ್ನ
ದೊಡ್ಡಪ್ಪ