ಚಿತ್ರ ನೋಡಿದ್ದನ್ನೂ ಬರೆ

ಪ್ರೀತಿಯ ತಂಗಿ,

ನೀನು ಕಳಿಸಿದ ವಿಮರ್ಶೆಯನ್ನು ಎರಡು ಸಲ ಓದಿದೆ. ಮಲಿಕ್ ಸಜಾದ್ ಅವರ ‘ಮುನ್ನು’ ಎಂಬ ಕಾಮಿಕ್ಸ್ ಪುಸ್ತಕದ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿದ್ದೀಯಲ್ಲ, ಮೊದಲು ಅದಕ್ಕೇ ಖುಷಿಯಾಯಿತು. ಕಾಶ್ಮೀರದ ಹುಡುಗನ ಬಾಲ್ಯ, ಅವನ ಮನೆ, ಬೀದಿಯ ಭಯ ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದ್ದೀಯ. ಆದರೆ ಒಂದು ಮಾತು. ನಿನ್ನ ಬರಹದಲ್ಲಿ ಎಂಟು ಪ್ಯಾರಾ ಕಥೆ ಇದೆ, ಚಿತ್ರದ ಬಗ್ಗೆ ಒಂದೇ ಸಾಲು: “ಕಪ್ಪು ಬಿಳುಪಿನ ಚಿತ್ರಗಳು ಮನಮುಟ್ಟುವಂತಿವೆ.” ಈ ಸಾಲನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು, ಅಲ್ವಾ?

ನಿಮ್ಮ ಸಾಗರದ ಕಡೆ ಯಕ್ಷಗಾನ ನೋಡಿ ಬಂದವರು ಮಾರನೆಯ ದಿನ ಏನು ಮಾತಾಡುತ್ತಾರೆ? ಕರ್ಣ ಸತ್ತ ಅಂತ ಯಾರೂ ಹೇಳುವುದಿಲ್ಲ. ಆ ಕಥೆ ಎಲ್ಲರಿಗೂ ಗೊತ್ತು. ಭಾಗವತರು ಆ ಪದವನ್ನು ಹೇಗೆ ಎತ್ತಿದರು, ವೇಷ ರಂಗಕ್ಕೆ ಬಂದ ಗತ್ತು ಹೇಗಿತ್ತು, ಯಾವ ಮಾತಿಗೆ ಚೆಂಡೆ ನಿಂತಿತು, ಇದೇ ಮಾತು. ಕಾಮಿಕ್ಸ್ ಬಗ್ಗೆ ಬರೆಯಲು ಬೇಕಾದ ಕಣ್ಣು ನಮ್ಮ ಜನರಿಗೆ ಆಗಲೇ ಇದೆ. ಪುಸ್ತಕ ಕೈಗೆ ಬಂದಾಗ ಮಾತ್ರ ಯಾಕೋ ಅದನ್ನು ಮುಚ್ಚಿಕೊಂಡು ಬರೀ ಕಥೆ ಹೇಳುತ್ತೇವೆ.

‘ಮುನ್ನು’ವನ್ನೇ ತೆಗೆದುಕೋ. ಅದರಲ್ಲಿ ಕಾಶ್ಮೀರಿಗಳಿಗೆಲ್ಲ ಹಂಗುಲ್ ಜಿಂಕೆಯ ಮುಖ. ನೀನು ಅದನ್ನು ಹೇಳಿ, “ಮೌಸ್ ಪುಸ್ತಕದ ಹಾಗೆ” ಅಂತ ಬರೆದು ಮುಂದೆ ಹೋಗಿಬಿಟ್ಟೆ. ಅಲ್ಲೇ ನಿಲ್ಲಬೇಕಿತ್ತು. ನಾಜಿಗಳು ನಡೆಸಿದ ಯಹೂದಿಗಳ ನರಮೇಧದ ಕಥೆ ಹೇಳುವ ಕಾಮಿಕ್ಸ್, ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ನಲ್ಲಿ ಯಹೂದಿಗಳು ಇಲಿ, ಜರ್ಮನ್ನರು ಬೆಕ್ಕು, ಪೋಲೆಂಡಿನವರು ಹಂದಿ. ಎಲ್ಲರೂ ಪ್ರಾಣಿಗಳೇ. ‘ಮುನ್ನು’ವಿನಲ್ಲಿ ಬಂದೂಕು ಹಿಡಿದ ಸೈನಿಕನಿಗೆ ಮನುಷ್ಯನ ಮುಖವೇ ಇದೆ. ಹಾಗಾದರೆ ಇಲ್ಲಿ ಯಾರಿಗೆ ಯಾರು ಬೇರೆ ಜೀವಿಯ ಹಾಗೆ ಕಾಣುತ್ತಾರೆ? ಇನ್ನೊಂದು, ಹಂಗುಲ್ ಕಾಶ್ಮೀರದ ಕಾಡಿನದೇ ಜಿಂಕೆ, ಅಳಿವಿನ ಅಂಚಿನಲ್ಲಿದೆ. ಮೌಸ್‌ನ ಇಲಿ ಹಾಗಲ್ಲ, ಅದು ನಾಜಿಗಳು ಬೈದ ಬೈಗುಳವನ್ನೇ ತಿರುಗಿಸಿ ಹಿಡಿದದ್ದು. ಒಂದು ಬೈಗುಳದಿಂದ ಬಂದ ಮುಖ, ಇನ್ನೊಂದು ಊರಿನ ಕಾಡಿನಿಂದ ಬಂದ ಮುಖ. ಈ ವ್ಯತ್ಯಾಸದ ಮೇಲೆ ನೀನು ಎರಡು ಪ್ಯಾರಾ ಬರೆದಿದ್ದರೆ ನಿನ್ನ ವಿಮರ್ಶೆ ಬೇರೆಯೇ ಆಗುತ್ತಿತ್ತು.

ಮೌಸ್‌ನ ಎರಡನೇ ಭಾಗದಲ್ಲಿ ಒಂದು ಚಿತ್ರ ಇದೆ. ಮೊದಲ ಭಾಗ 1986ರಲ್ಲಿ ಬಂದು ಹೆಸರು ಮಾಡಿತ್ತು. ಆಮೇಲೆ ಲೇಖಕ ತನ್ನನ್ನೇ ಬಿಡಿಸಿಕೊಳ್ಳುತ್ತಾನೆ. ಚಿತ್ರ ಬಿಡಿಸುವ ಹಲಗೆಯ ಮುಂದೆ ಕೂತಿದ್ದಾನೆ. ಈ ಸಲ ಅವನು ಇಲಿ ಅಲ್ಲ, ಇಲಿಯ ಮುಖವಾಡ ಕಟ್ಟಿಕೊಂಡ ಮನುಷ್ಯ. ಸುತ್ತ ನೊಣ. ಹಲಗೆಯ ಕೆಳಗೆ ಹೆಣಗಳ ರಾಶಿ. ಆ ಪುಟದ ಮಾತುಗಳನ್ನು ಕೈಯಿಂದ ಮುಚ್ಚಿಕೊಂಡು ನೋಡು, ಅರ್ಧ ಸಂಗತಿ ಆಗಲೇ ತಿಳಿದಿರುತ್ತದೆ. ಸತ್ತವರ ಕಥೆ ಹೇಳಿ ಗೆದ್ದ ಮನುಷ್ಯನ ಸಂಕಟವನ್ನು ಆ ಮುಖವಾಡದ ದಾರವೇ ಹೇಳಿಬಿಡುತ್ತದೆ. ವಿಮರ್ಶಕಿ ಓದುಗರಿಗೆ ತೋರಿಸಬೇಕಾದ್ದು ಆ ದಾರವನ್ನು.

ನಾನೂ ತಪ್ಪಿದ್ದೇನೆ. ಅಂಬೇಡ್ಕರ್ ಬದುಕಿನ ಕಾಮಿಕ್ಸ್ ‘ಭೀಮಾಯಣ’ 2011ರಲ್ಲಿ ಬಂದಾಗ ಮೊದಲ ಓದಿಗೆ ನನಗೆ ಸಿಟ್ಟೇ ಬಂತು. ಚೌಕಗಳಿಲ್ಲ, ಯಾವ ಕಡೆಯಿಂದ ಓದಬೇಕೋ ತಿಳಿಯಲಿಲ್ಲ. ‘ಪುಟಗಳು ಗೊಂದಲಮಯ’ ಅಂತ ಟಿಪ್ಪಣಿಯನ್ನೂ ಬರೆದಿಟ್ಟೆ. ಪುಣ್ಯಕ್ಕೆ ಅಚ್ಚಿಗೆ ಕೊಡುವ ಮೊದಲು ಇನ್ನೊಮ್ಮೆ ಓದಿದೆ. ಅದರ ಚಿತ್ರ ಬಿಡಿಸಿದವರು ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಜನರನ್ನು ಪೆಟ್ಟಿಗೆಯೊಳಗೆ ತುರುಕಲು ಅವರಿಗೆ ಇಷ್ಟವಿರಲಿಲ್ಲ. ತಮ್ಮ ಮನೆಯ ಗೋಡೆ ಮತ್ತು ನೆಲದ ಮೇಲೆ ಬರೆಯುವ ದಿಗ್ನಾ ಎಂಬ ವಿನ್ಯಾಸವನ್ನೇ ಪುಟಕ್ಕೆ ತಂದು, ಅದರಿಂದಲೇ ಪುಟ ಭಾಗ ಮಾಡಿದರು. ನಿಮ್ಮ ಕಡೆಯ ದೀವರ ಮನೆಗಳ ಹಸೆ ಚಿತ್ತಾರ ನೋಡಿ ಬೆಳೆದ ನಿನಗೆ ಇದು ನನಗಿಂತ ಬೇಗ ಹೊಳೆಯುತ್ತದೆ.

ಅದರ ಮಾತಿನ ಗುಳ್ಳೆಗಳನ್ನು ನೋಡು. ಮೆದು ಮಾತಿನ ಗುಳ್ಳೆ ಹಕ್ಕಿಯ ಆಕಾರದಲ್ಲಿದೆ. ಜಾತಿಯ ವಿಷ ಕಾರುವ ಮಾತಿನ ಗುಳ್ಳೆಗೆ ಚೇಳಿನ ಬಾಲ. ಓದುವ ಮೊದಲೇ ಕುಟುಕು ಕಾಣುತ್ತದೆ. ಶಾಲೆಯಲ್ಲಿ ನೀರು ಸಿಗದೆ ಬಾಯಾರಿದ ಹುಡುಗ ಭೀಮನ ಮೈ ಮೀನಾಗುತ್ತದೆ. ಮುಂದೆ 1927ರ ಮಹಾಡ್, ದಲಿತರು ಕೆರೆ ನೀರಿನ ಹಕ್ಕಿಗಾಗಿ ಸತ್ಯಾಗ್ರಹ ಮಾಡಿದ ಊರು. ಚವದಾರ್ ಕೆರೆಯ ನೀರು ನಮ್ಮದೂ ಹೌದು ಅಂತ ಅಂಬೇಡ್ಕರ್ ಮಾತಾಡುವಾಗ ಧ್ವನಿವರ್ಧಕಗಳಿಂದ ಜನರ ಮೇಲೆ ನೀರು ಚಿಮ್ಮುತ್ತದೆ. ಆ ಮೀನಿಗೂ ಈ ನೀರಿಗೂ ನಡುವೆ ಎಷ್ಟೋ ಪುಟಗಳಿವೆ, ನೋಡುವವರ ಕಣ್ಣು ಮಾತ್ರ ಎರಡನ್ನೂ ಕೂಡಿಸುತ್ತದೆ. ಇದನ್ನು ಬರೆಯದೆ ‘ಅಂಬೇಡ್ಕರ್ ಜೀವನಚರಿತ್ರೆಯ ಪರಿಣಾಮಕಾರಿ ನಿರೂಪಣೆ’ ಅಂದರೆ ಆ ಇಬ್ಬರು ಕಲಾವಿದರ ದುಡಿಮೆಗೆ ಅನ್ಯಾಯ.

ಹೆಸರಿನ ವಿಷಯವೂ ಇದೆ. ನೀನು ಹಿಂದೆ ಬರೆದ ಒಂದು ಟಿಪ್ಪಣಿಯಲ್ಲಿ ಕಥೆ ಬರೆದವರ ಹೆಸರು ಮಾತ್ರ ಇತ್ತು. ಚಿತ್ರ, ಬಣ್ಣ, ಅಕ್ಷರ ಬೇರೆಯವರದಾಗಿದ್ದರೆ ಹುಡುಕಿ ಹಾಕು. ಬ್ಯಾಟ್‌ಮ್ಯಾನ್ 1939ರಲ್ಲಿ ಬಂದ. ಸೃಷ್ಟಿಕರ್ತ ಅಂತ ಹೆಸರು ಬಂದಿದ್ದು ಬಾಬ್ ಕೇನ್ ಒಬ್ಬರದೇ. ಆ ವೇಷ, ಆ ಕಥೆ ರೂಪಿಸಿದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಸೃಷ್ಟಿಕರ್ತರ ಸಾಲಿನಲ್ಲಿ ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಅಲ್ಲಿ ಬರೆದವನನ್ನು ಮರೆತರು, ನಾವು ಬಿಡಿಸಿದವರನ್ನು ಮರೆಯುತ್ತೇವೆ.

‘ಕಾಮಿಕ್ಸ್ ಬರೀ ಮಕ್ಕಳಿಗಲ್ಲ’ ಅಂತ ಶುರುವಾಗುವ ನಿನ್ನ ಮೊದಲ ಪ್ಯಾರಾ ತೆಗೆದುಬಿಡು. ಮೌಸ್‌ಗೆ 1992ರಲ್ಲೇ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಬಂತು. ಆ ವಾದ ಮುಗಿದಿದೆ. ಮಕ್ಕಳ ಕಾಮಿಕ್ಸ್ ಅಂದರೆ ಕಡಿಮೆ ಅನ್ನುವ ದನಿಯೂ ಅದರಲ್ಲಿ ಕೇಳುತ್ತದೆ. ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನಿಗೆ ಕಾದು ಕೂತವರು, ಕಾರ್ಕಳದ ಅನಂತ ಪೈ 1967ರಲ್ಲಿ ಶುರು ಮಾಡಿದ ಅಮರ ಚಿತ್ರ ಕಥೆ ಓದಿದವರು ನಾವು. ಪುಟ ಓದುವುದನ್ನು ಅಲ್ಲೇ ಕಲಿತದ್ದು.

ಹೊಸ ಪುಸ್ತಕ ಬಂದಾಗ ನಾನು ಮೊದಲ ಸಲ ಬಿಡದೆ ಓದುತ್ತೇನೆ, ಪೆನ್ನು ಮುಟ್ಟುವುದಿಲ್ಲ. ಎರಡನೇ ಸಲ ಮಾತು ಬಿಟ್ಟು ಚಿತ್ರ ಮಾತ್ರ ನೋಡುತ್ತೇನೆ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಪುಟ ತಿರುಗಿಸುವ ಜಾಗದಲ್ಲಿ ಏನು ಇಟ್ಟಿದ್ದಾರೆ, ಎರಡು ಚೌಕಗಳ ನಡುವಿನ ಸಂದಿನಲ್ಲಿ ಏನು ನಡೆದುಹೋಯಿತು ಅಂತ. ಆ ಸಂದಿಗೆ ಇಂಗ್ಲಿಷಿನವರು ಗಟರ್ ಅನ್ನುತ್ತಾರೆ. ನನಗೆ ಸಂದು ಅನ್ನುವುದೇ ಸಾಕು. ಒಂದು ಚೌಕದಲ್ಲಿ ಎತ್ತಿದ ಲಾಠಿ, ಮುಂದಿನದರಲ್ಲಿ ರಸ್ತೆಯ ಮೇಲೆ ಒಂಟಿ ಚಪ್ಪಲಿ. ಏಟು ಬಿದ್ದಿದ್ದು ನಮ್ಮ ತಲೆಯೊಳಗೆ. ಮೆಚ್ಚುಗೆಯಾದರೂ ಸರಿ, ಆಕ್ಷೇಪವಾದರೂ ಸರಿ, ಇಂಥ ಒಂದು ಜಾಗ ತೋರಿಸಿ ಹೇಳು. ‘ಚಿತ್ರ ಸಪ್ಪೆ’ ಅಂತ ಸುಮ್ನೆ ಬರೆಯಬೇಡ. ಎಲ್ಲ ಮುಖಗಳೂ ಒಂದೇ ಥರ ಇದ್ದು ಮಾತಾಡುತ್ತಿರುವವರು ಯಾರು ಅಂತ ತಿಳಿಯದೆ ಮೂರು ಪುಟ ಹಿಂದೆ ಹೋಗಬೇಕಾಯಿತು ಅಂತ ಬರೆ. ಬಿಡಿಸಿದವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಗೆಳತಿಯರ ಜೊತೆ ಚರ್ಚೆ ಮಾಡುತ್ತೇವೆ ಅಂದೆಯಲ್ಲ, ಅಲ್ಲಿಯೂ ಇಡೀ ಪುಸ್ತಕ ಹಿಡಿದು ಕೂರಬೇಡಿ. ಒಂದೇ ಪುಟ ಬಿಚ್ಚಿಟ್ಟು ಪ್ರತಿಯೊಬ್ಬರೂ ತಾವು ಕಂಡಿದ್ದನ್ನು ಹೇಳಿ. ಬೇರೆಬೇರೆ ಹೇಳುತ್ತೀರಿ. ಮಾತು ಅಲ್ಲಿಂದ ತಾನೇ ಬೆಳೆಯುತ್ತದೆ.

ನನ್ನ ‘ಭೀಮಾಯಣ’ದ ಪ್ರತಿಯನ್ನು ನಾಳೆ ಪಾರ್ಸೆಲ್ ಮಾಡುತ್ತೇನೆ. ಮೀನು ಇರುವ ಪುಟಕ್ಕೆ ಚೀಟಿ ಇಟ್ಟಿದ್ದೇನೆ, ನೀರಿನ ಪುಟವನ್ನು ನೀನೇ ಹುಡುಕು. ಆಮೇಲೆ ‘ಮುನ್ನು’ ಬಗ್ಗೆ ಮತ್ತೆ ಬರೆದು ಕಳಿಸು. ಈ ಸಲ ಕಥೆ ಎರಡು ಪ್ಯಾರಾ ಸಾಕು.

ಪ್ರೀತಿಯಿಂದ,
ನಿನ್ನ ಅಕ್ಕ